ಕುರುಪ್ಪು ಮಾಷ್‌ರ ಏಳು ವರ್ಷದ ಮೌನ

ಮಂಗಳವಾರ ಮಾಡಿದ ಕೆಲಸಗಳು: ಅಕ್ಕಿ ನೆನೆಹಾಕಿದ್ದು, ಸ್ಟೌವಿನ ಬತ್ತಿ ಕತ್ತರಿಸಿದ್ದು, ಒಗೆದ ಬಟ್ಟೆಯನ್ನು ಮಳೆಗೆ ಹೆದರಿ ಮೂರು ಸಲ ಒಳಗೆ ತಂದು ಮೂರು ಸಲ ಹೊರಗೆ ಹಾಕಿದ್ದು, ಮಗಳು ಸುಧಾಳ ಲಂಗಕ್ಕೆ ಹುಕ್ಕು ಹೊಲಿದದ್ದು, ಒಬ್ಬ ತತ್ತ್ವಜ್ಞಾನಿ ಕಾದಂಬರಿಕಾರರ ಏಳು ವರ್ಷದ ಮೌನವನ್ನು ಹೊಡೆದುಹಾಕಿದ್ದು. ಕೊನೆಯದು ನಮ್ಮ ಮನೆಯಲ್ಲಿ ದಿನಾ ಮಾಡುವ ಕೆಲಸವಲ್ಲ.

ನನಗೆ ದಿನಚರಿ ಬರೆಯುವ ಚಟ. ಹಾಲು ಎಷ್ಟು ಹೊತ್ತಿಗೆ ಬಂತು, ಯಾರು ಬಂದರು, ಎಷ್ಟು ಲೋಟ ಕಾಫಿ ಕುಡಿದರು, ಎಲ್ಲವೂ ಅದರಲ್ಲಿ ಉಂಟು. ಯಜಮಾನರು ಕೊಚ್ಚಿಯ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಊರಿನವರ ಕಾಗದಪತ್ರಗಳನ್ನೆಲ್ಲ ತಪಾಸಣೆ ಮಾಡುವವರು. ಮನೆಗೆ ಬಂದರೆ ಕೊಡೆ ಎಲ್ಲಿಟ್ಟೆ ಎಂದು ನನ್ನನ್ನು ಕೇಳುವವರು. ಅವರು ಮೈಸೂರಿನವರು, ನಾನು ಕಾಸರಗೋಡಿನವಳು. ಹಾಗಾಗಿ ಮನೆಯಲ್ಲಿ ತತ್ತ್ವಶಾಸ್ತ್ರ ಅವರದು, ಮಲಯಾಳ ನನ್ನದು.

ಇಲ್ಲಿನ ಕನ್ನಡ ಸಂಘ ಮೊದಲ ಬಾರಿಗೆ ಅಚ್ಚಿನ ಸಂಚಿಕೆ ತರಲು ಹೊರಟಿತು. ತಿರುವನಂತಪುರದ ಕುರುಪ್ಪು ಮಾಷ್ ಎಂಬ ಕಾದಂಬರಿಕಾರರ ಬಗ್ಗೆ ಯಜಮಾನರು ಹನ್ನೆರಡು ಪುಟ ಬರೆದರು. ಮಾಷ್ ಎಂದರೆ ಮೇಷ್ಟ್ರು. ಒಂದೇ ಒಂದು ಕಾದಂಬರಿ ಬರೆದ ನಿವೃತ್ತ ಅಧ್ಯಾಪಕರು. ಅದಕ್ಕೂ ಮೊದಲು ಏಳು ವರ್ಷ ಮೌನದಲ್ಲಿದ್ದರಂತೆ. ಕಾದಂಬರಿಯ ಕೊನೆಯ ವಾಕ್ಯ ನಡುವಿನಲ್ಲೇ ನಿಂತುಬಿಡುತ್ತದೆ. ಯಜಮಾನರ ಲೇಖನದಲ್ಲಿ ಆ ಮೌನಕ್ಕೆ ನಾಲ್ಕು ಪುಟ, ಆ ಅರ್ಧ ವಾಕ್ಯಕ್ಕೆ ಐದು ಪುಟ. ಹಿಂದಿನ ವರ್ಷ ಕೈಬರಹದ ಸಂಚಿಕೆಯಲ್ಲೇ ಇವರ ಲೇಖನವನ್ನು ಜಾಗವಿಲ್ಲವೆಂದು ಬಿಟ್ಟಿದ್ದರು. ಈ ಸಲ ಕಾರ್ಯದರ್ಶಿಗಳು ಹೇಳಿದ್ದು ಇಷ್ಟೇ: "ಸಂಗತಿಗಳು ಸರಿಯಿದ್ದರೆ ಹಾಕ್ತೀವಿ. ಬುಧವಾರ ಪ್ರೆಸ್ಸಿಗೆ ಹೋಗುತ್ತೆ." ಯಜಮಾನರಿಗೆ ಎರಡು ದಿನ ಊಟ ಸೇರಲಿಲ್ಲ.

ಹೀಗೆ ಭಾನುವಾರ ನಾವಿಬ್ಬರೂ ರೈಲು ಹತ್ತಿದೆವು. ಮಾಷ್ ಜಗಲಿಯ ಆರಾಮಕುರ್ಚಿಯಲ್ಲಿದ್ದರು. ಇವರು ಪೆನ್ಸಿಲ್ ಚೂಪು ಮಾಡಿ ಇಂಗ್ಲಿಷಿನಲ್ಲಿ ಕೇಳಿದರು, "ತಾವು ಹುಟ್ಟಿದ್ದು ಎಲ್ಲಿ?"

"ಹುಟ್ಟಿದ್ದು ಶರೀರ," ಎಂದರು ಮಾಷ್.

ತಪಾಸಣೆಯವರು ಬಿಡುತ್ತಾರೆಯೇ? "ಆಗಲಿ, ಶರೀರ ಎಲ್ಲಿ ಹುಟ್ಟಿತು?"

ಮಾಷ್ ನಕ್ಕು ಅಡಿಗೆಮನೆಯತ್ತ ಕೈ ತೋರಿಸಿದರು. "ಅದನ್ನು ಅವಳನ್ನೇ ಕೇಳಬೇಕು."

ನಾನು ಒಳಗೆ ಹೋದೆ. ಮಾಷ್‌ರ ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದರು. ಅವರಿಗೆ ನಾನು ಚೇಚಿ ಎಂದೆ, ಎಂದರೆ ಅಕ್ಕ. ಅವರು ನನಗೆ ಮೋಳೇ ಎಂದರು, ಎಂದರೆ ಮಗಳೇ. ಅಲ್ಲಿಗೆ ಪರಿಚಯ ಮುಗಿಯಿತು. ಮಾಷ್‌ರ ಶರೀರ ತ್ರಿಪ್ಪುಣಿತ್ತುರದಲ್ಲಿ ಅಜ್ಜಿಮನೆಯ ನಡುಕೋಣೆಯಲ್ಲಿ ಹುಟ್ಟಿತೆಂದು ಎರಡು ನಿಮಿಷದಲ್ಲಿ ಗೊತ್ತಾಯಿತು. ಆಮೇಲೆ ಮೌನದ ವಿಷಯ ಕೇಳಿದೆ.

ಚೇಚಿಯ ಕೈ ನಿಂತಿತು. "ಮೌನವೋ? ಯಾರು, ಇವರೋ? ಆ ಏಳು ವರ್ಷ ಇವರು ಬಾಯಿ ಮುಚ್ಚಿದ್ದೇ ಇಲ್ಲ ಮೋಳೇ. ಬಲಗೈ ನಡುಗ್ತಿತ್ತು, ಪೆನ್ನು ಹಿಡಿಯಲಾಗ್ತಿರಲಿಲ್ಲ. ಊಟ ಆದ ಮೇಲೆ ಇವರು ಅಡ್ಡಾಡ್ತಾ ಹೇಳೋದು, ನಾನು ಕೂತು ಬರೆಯೋದು. ಹೊರಗಿನವರಿಗೆ ಏನೂ ಬರೀಲಿಲ್ಲ ಅಂತ ಕಂಡಿತು, ಅಷ್ಟೇ."

ಟ್ರಂಕಿನಿಂದ ನೋಟುಪುಸ್ತಕಗಳನ್ನೂ ತೆಗೆದು ತೋರಿಸಿದರು. ಎಲ್ಲ ಅವರದೇ ದುಂಡು ಅಕ್ಷರ. ಸರ್ವವೂ ನಾಶವಾದ ಮೇಲೆ ಉಳಿಯುವುದೇನು ಎಂದು ನಾಯಕ ಕೇಳುವ ಪುಟದ ಅಂಚಿನಲ್ಲಿ, "ಬೆಲ್ಲ ಮುಗಿದಿದೆ, ತೆಂಗಿನಕಾಯಿ ನಾಲ್ಕು ಉಂಟು" ಎಂದಿತ್ತು.

"ಆ ಕೊನೆಯ ಅರ್ಧ ವಾಕ್ಯ?" ಎಂದೆ, ಹೆದರುತ್ತಲೇ.

"ಹೇಳ್ತಾ ಹೇಳ್ತಾ ನಿದ್ದೆ ಹೋದರು. ಮರುದಿನ ಏನು ಹೇಳ್ತಿದ್ದೆ ಅಂತ ನೆನಪಿಲ್ಲ. ನಾನೇ ಇರಲಿ ಬಿಡಿ ಅಂದೆ."

ಹಿಂದಿರುಗುವ ರೈಲಿನಲ್ಲಿ ಯಜಮಾನರಿಗೆ ಇದನ್ನು ಕಂತು ಕಂತಾಗಿ ಹೇಳಿದೆ. ಕೊಲ್ಲಂ ದಾಟುವಷ್ಟರಲ್ಲಿ ಮೌನ ಹೋಯಿತು, ಕೊಟ್ಟಾಯಂ ದಾಟುವಷ್ಟರಲ್ಲಿ ಅರ್ಧ ವಾಕ್ಯ ಹೋಯಿತು. "ಒಂಬತ್ತು ಪುಟ ಕಣೇ," ಎಂದರು. ಸೋಮವಾರವಿಡೀ ವಾದ ನಡೆಯಿತು. "ಸುಳ್ಳು ಹಾಕಿ ಯಾರಾದರೂ ಹಿಡಿದರೆ ಮತ್ತೆ ನಿಮಗೆ ಜಾಗ ಕೊಡ್ತಾರಾ?" ಎಂದೆ. ಅದು ನಾಟಿತು. ಮಂಗಳವಾರ ಬೆಳಿಗ್ಗೆ ಕೆಂಪು ಪೆನ್ಸಿಲ್ ನನ್ನ ಕೈಗೆ ಕೊಟ್ಟು ಮುಖ ಆ ಕಡೆ ತಿರುಗಿಸಿದರು. ನಾನು ಹೊಡೆದುಹಾಕಿದೆ. ಪಾಪ, ಅವರು ಹೊಸದಾಗಿ ಎರಡು ಪುಟ ಬರೆದರು. ಹಳೆಯ ಒಂಬತ್ತಕ್ಕಿಂತ ಅದೇ ಚೆನ್ನಾಗಿತ್ತು. ಸುಧಾ ಶುದ್ಧಪ್ರತಿ ಮಾಡಲು ಕುಳಿತಳು. "ಇಡೀ ಕಾದಂಬರಿಯನ್ನು ಬರೆದುಕೊಂಡವರು ಅವರ ಪತ್ನಿ ಶ್ರೀಮತಿ" ಎಂದು ಓದಿ, ಮುಂದೆ ಬಿಟ್ಟ ಖಾಲಿ ಜಾಗ ಕಂಡು ತಲೆಯೆತ್ತಿದಳು. ನಾವು ಕನ್ನಡದಲ್ಲಿ ಹೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ, ಪ್ರಶ್ನೆಯೂ ಅದರಲ್ಲೇ. "ಅವರ್ಡೆ ಪೇರೆಂದಾ ಅಮ್ಮಾ?" ಎಂದರೆ, ಅವರ ಹೆಸರೇನಮ್ಮಾ?

ದಿನಚರಿ ತೆರೆದೆ. ಚೇಚಿ ಕರಿದ ಹಪ್ಪಳ ಎಂಟು. ಅವರ ಬಾವಿಯ ಆಳ ಹದಿನಾಲ್ಕು ಸುತ್ತು. ಇಂಗು ತರುವುದು ಚಾಲೈ ಪೇಟೆಯ ಮೂಲೆಯಂಗಡಿಯಿಂದ. ಎಡಮೊಣಕಾಲು ನೋವು. ಹೆಸರು ಮಾತ್ರ ಇಲ್ಲ.

"ಇಡೀ ದಿನ ಹರಟಿದ್ದೆಯಲ್ಲ, ಏನಂತ ಕರೆದೆ?" ಎಂದರು ಯಜಮಾನರು.

"ಚೇಚಿ ಅಂತ."

"ಅವರು ನಿನ್ನನ್ನ?"

"ಮೋಳೇ ಅಂತ."

ಅವರ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ಬೆಳಕು ಬಂತು. "ಹೆಸರೇ ಇಲ್ಲದ ಸಾಕ್ಷಿ ನಮ್ಮ ಕಚೇರಿಯಲ್ಲಿ ನಡೆಯಲ್ಲ ಕಣೇ. ಮೌನವನ್ನೇ ವಾಪಸು ಹಾಕೋಣ."

ನಾನು ಚಪ್ಪಲಿ ಮೆಟ್ಟಿ ತಂತಿ ಆಫೀಸಿಗೆ ನಡೆದೆ. ಚೇಚಿಯ ಹೆಸರು ತಿಳಿಸಿ ಎಂದು ಮಾಷ್‌ರ ವಿಳಾಸಕ್ಕೆ, ಉತ್ತರದ ದುಡ್ಡನ್ನೂ ಕಟ್ಟಿ, ಜವಾಬಿ ತಂತಿ ಕೊಟ್ಟೆ. ಮಾಷ್ ಹೆಸರೂ ಶರೀರದ್ದೇ ಎಂದು ಉತ್ತರಿಸಿದರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರಿಕೆ. ಸಂಜೆ ಐದಕ್ಕೆ ತಂತಿಯವನು ಸೈಕಲ್ಲಿನ ಗಂಟೆ ಬಾರಿಸಿದ. ಯಜಮಾನರು ಒಡೆದು ಓದಿದರು, ಇನ್ನೊಮ್ಮೆ ಓದಿದರು, ನನ್ನ ಕೈಗಿಟ್ಟರು. ಇದ್ದದ್ದು ಇಷ್ಟೇ: "ತಂಗಮಣಿ. ನಿನ್ನ ಹೆಸರೇನು?"

ಸುಧಾ ಹೆಸರು ತುಂಬಿಸಿದಳು. ಯಜಮಾನರು ಹೋಗಿ ಲೇಖನ ಕೊಟ್ಟು ಬಂದರು. ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನಮಿಡಿ. ಮೊದಲು ನಿದ್ದೆ ಹೋದವಳು ನಾನಂತೆ. ಯಜಮಾನರು ಬೆಳಿಗ್ಗೆ ಹಾಗೆಂದರು. ಅದಕ್ಕೆ ಬೇರೆ ಸಾಕ್ಷಿಯಿಲ್ಲ.