ಹಾಯಿಕಂಬದ ಮೂರು ಹಗ್ಗ, ನನ್ನದೊಂದು ಜೀವ

ಈಜು ಬಾರದವನಿಗೇ ನೀರಿನ ಕೆಲಸ ಗಂಟು ಬೀಳೋದು, ನೋಡಿ. ಎಪ್ಪತ್ತರ ದಶಕದಲ್ಲಿ ನಮ್ಮ ಭಾವ ನೌಕಾಪಡೆಯಿಂದ ನಿವೃತ್ತರಾಗಿ ಬಿಳಿಗೆರೆ ಹತ್ತಿರದ ನಮ್ಮೂರಿಗೆ ಬಂದರು. ತೋಟ ನೋಡಿಕೊಳ್ಳಿ ಅಂದರೆ, ಊರ ಕೆರೆಯಲ್ಲಿ ಬಿಡೋಕೆ ಅಂತ ಬಡಗಿ ಕೈಲಿ ಪುಟ್ಟ ಹಾಯಿದೋಣಿ ಮಾಡಿಸಿದರು. ದೋಣಿ ನಡುವೆ ಒಂದು ಕಂಬ. ಅದು ಬೀಳದ ಹಾಗೆ ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು ಹಗ್ಗ. ಅವನ್ನು ಹದವಾಗಿ ಬಿಗಿಯೋದೇ ಒಂದು ವಿದ್ಯೆಯಂತೆ. "ಅವರನ್ನ ಒಬ್ಬರನ್ನೇ ನೀರಿಗೆ ಬುಡಬ್ಯಾಡ ಕಣೋ" ಅಂತ ಅಕ್ಕ ನನ್ನನ್ನು ಜೊತೆಗೆ ಹಾಕಿದಳು. ನಾನೋ ಪ್ರೈಮರಿ ಶಾಲೆ ಮೇಷ್ಟ್ರು, ಬಾವಿಗೆ ಬಗ್ಗಿ ನೋಡಿದರೂ ತಲೆ ತಿರುಗುವ ಗಿರಾಕಿ.

ಗಾಡಿ ಬಿಗಿತ

ಮೊದಲ ದಿನ ದೋಣಿ ಇನ್ನೂ ದಡದಲ್ಲೇ ಇತ್ತು. ಭಾವ "ಹಗ್ಗ ಬಿಗಿ ಮಾಡೋ" ಅಂದರು. ನನಗೆ ಗೊತ್ತಿದ್ದದ್ದು ಗಾಡಿಗೆ ತೆಂಗಿನಕಾಯಿ ಹೇರಿ ಬಿಗಿಯೋ ರೀತಿ ಒಂದೇ. ಕಂಬ ಬಿದ್ದರೆ ನನ್ನ ತಲೆ ಮೇಲೇ ತಾನೆ ಅನ್ನೋ ಭಯಕ್ಕೆ ಹಗ್ಗದೊಳಗೆ ಕೋಲು ತೂರಿಸಿ ತಿರುಚಿದೆ, ತಿರುಚಿದೆ, ಬೆವರು ಇಳಿಯೋವರೆಗೂ ತಿರುಚಿದೆ. ಕಂಬ ಬಿಲ್ಲಾಯಿತು. ದೋಣಿ ಕಿರ್ರೋ ಅಂತು.

"ಸಾಕು ನಿಲ್ಸೋ! ದೋಣಿ ಸೀಳ್ತದೆ!"

"ಸೀಳಲಿ ಬುಡಿ ಭಾವ. ಇಲ್ಲೇ ಸೀಳಿದ್ರೆ ನೀರಿಗೆ ಹೋಗೋದು ತಪ್ತದೆ!"

ಬೇರಿಲ್ಲದ ಮರ

ಸೀಳಲಿಲ್ಲ, ನನ್ನ ಕರ್ಮ. ಇನ್ನೊಂದು ದಿನ ಕಂಬದ ತುದಿಯ ರಾಟೆಯಲ್ಲಿ ಹಾಯಿ ಎತ್ತುವ ಹಗ್ಗ ಸಿಕ್ಕಿಕೊಂಡಿತು. ಭಾವ ಮೇಲೊಮ್ಮೆ ನೋಡಿ ನನ್ನ ಮುಖ ನೋಡಿದರು. ಹತ್ತು ಅಂತ ಅರ್ಥ. ಓಡಿಹೋಗಿ ನಮ್ಮ ತೋಟದಲ್ಲಿ ಕಾಯಿ ಕೀಳುವವನನ್ನು ಕರೆತಂದೆ. ಎಂಥ ಮರವನ್ನಾದರೂ ಬೀಡಿ ಕಚ್ಚಿಕೊಂಡೇ ಹತ್ತುವ ಆಸಾಮಿ. ದೋಣಿಗೆ ಕಾಲಿಟ್ಟು ಕಂಬ ತಬ್ಬಿದ. ದೋಣಿ ಸಮೇತ ಅದು ತೂಗಿತು. ಬುಡಕ್ಕೆ ಬಗ್ಗಿ ನೋಡಿದವನೇ ದಡಕ್ಕೆ ಹಾರಿದ.

"ಏನಾಯ್ತೋ?"

"ಇದಕ್ಕೆ ಬೇರು ಎಲ್ಲೈತೆ ಸಾಮಿ? ನಾನು ಹೆಂಡ್ತಿ ಮಕ್ಕಳಿರೋನು. ಮೊದ್ಲು ನೆಡಿ, ಬೇರು ಬುಡ್ಲಿ, ಆಮ್ಯಾಕೆ ಹತ್ತೀನಿ!"

ಎರಡು ಕಾಯಿ

ಕೊನೆಗೆ ಕಂಬ ಮಲಗಿಸಿಯೇ ಹಗ್ಗ ಬಿಡಿಸಿ ಮತ್ತೆ ನಿಲ್ಲಿಸಿದೆವು. ಬಿಗಿತ ಸರಿಯಿದೆಯೋ ಇಲ್ಲವೋ ಗಾಳಿಯಲ್ಲೇ ಗೊತ್ತಾಗಬೇಕು ಅಂದರು ಭಾವ. ನನ್ನ ಅಳುಮೋರೆ ನೋಡಿ ಅಕ್ಕ, ಸುಲಿಯದ ಎರಡು ಒಣಗಾಯಿ ಜೋಡಿ ಮಾಡಿ ನನ್ನ ಬೆನ್ನಿಗೆ ಕಟ್ಟಿದಳು. ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸೋದು ಹಾಗೇ.

ದಡ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು, ಗಾಳಿ ಎದ್ದಿತು. ದೋಣಿ ವಾಲಿತು. ಗಾಳಿ ಬರುವ ಕಡೆಯ ಹಗ್ಗ ಬಿಗಿದುಕೊಂಡಿತು, ಎದುರು ಕಡೆಯದು ಜೋತುಬಿತ್ತು.

"ಜೋತಿರೋದನ್ನ ಎಳಿ! ಬಿಗಿದಿರೋದನ್ನ ಮುಟ್ಟಬ್ಯಾಡ!" ಭಾವ ಕೂಗಿದರು.

ನನಗೋ, ಬಿಗಿದ ಹಗ್ಗ ಈಗ ಕಿತ್ತುಬಂತು, ನನ್ನ ಕಥೆ ಮುಗೀತು ಅನ್ನೋ ಭಯ. ಒಂಚೂರು ಸಡಿಲ ಮಾಡೋಣ ಅಂತ ಅದಕ್ಕೇ ಕೈ ಹಾಕಿದೆ. ಬೆಳಿಗ್ಗೆ ನಾನೇ ಹಾಕಿದ ಗಂಟು. ಹಸು ಕಟ್ಟೋ ಗಂಟು, ತುದಿ ಎಳೆದರೆ ಪೂರಾ ಬಿಚ್ಚಿಕೊಳ್ಳುತ್ತೆ. ಬಿಚ್ಚಿಕೊಂಡಿತು. ಕಂಬ ನೀರಿಗೆ, ದೋಣಿ ಮಗುಚಿ ನಾನೂ ನೀರಿಗೆ.

ಬೆನ್ನಿನ ಕಾಯಿ ಸೊಂಟಕ್ಕೆ ಜಾರಿದ್ದವು. ಅವು ಮೇಲೆ, ನನ್ನ ತಲೆ ಕೆಳಗೆ. ಬಾಯ್ತುಂಬ ನೀರು. ಅಯ್ಯೋ ಶಿವನೇ, ಅವತ್ತು ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ. ಭಾವ ಆ ಕಡೆ ಹಾಯಿಯೊಳಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದರು. ಇನ್ನೇನು ಸತ್ತೆ ಅನ್ನುವಾಗ ಯಾರೋ ನನ್ನ ಕಾಯಿ ಹಿಡಿದು ಜಗ್ಗಿದರು. ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ, ಕಣ್ಣು ಮಂಜಾದ ಮುದುಕ ಈಜಿಕೊಂಡು ಬಂದಿದ್ದ. ನಾನು ಕೆಮ್ಮುತ್ತಾ ತಲೆ ಎತ್ತಿ, "ಜೀವ ಉಳಿಸಿದ್ರಿ ಯಜಮಾನ್ರೇ!" ಅಂತ ಅವನ ಕುತ್ತಿಗೆ ತಬ್ಬಿದೆ.

ಮುದುಕನ ಮುಖ ಸಪ್ಪಗಾಯಿತು.

"ಅಯ್ಯೋ, ಕೆಳಗೆ ನೀವಿದ್ರಾ ಮೇಷ್ಟ್ರೇ? ನಾನು ಬರೀ ಕಾಯಿ ಅಂತ ಬಂದೆ!"