ಬೇರಿಕೆಗೆ ಕರೆಯುವ ಇಂಗ್ಲಿಷ್ ಹಾಡು

ವಿಲಾಯಿತಿಯ ಹಾಡುಗಾರನೊಬ್ಬನಿಗೆ ತಮಿಳುನಾಡು ಗಡಿಯ ನಮ್ಮೂರು ಬೇರಿಕೆ ಚೆನ್ನಾಗಿ ಗೊತ್ತು ಎಂದರೆ ನೀವು ನಂಬುತ್ತೀರಾ? ನಮ್ಮ ಸೋದರತ್ತೆಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ!

ಬೇರಿಕೆಯಲ್ಲಿ ಹುಟ್ಟಿ ತಳಿ ಎಂಬ ಊರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದವಳು. ಹೊಸೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮಾವ ಮದುವೆಯ ಹೊಸದರಲ್ಲಿ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಜೊತೆಗೆ ಹಳೆಯ ಇಂಗ್ಲಿಷ್ ರಾಕ್ ಹಾಡುಗಳ ಒಂದೇ ಒಂದು ಕ್ಯಾಸೆಟ್. ಇಂಗ್ಲಿಷಿನ ಗಂಧವೇ ಇಲ್ಲದ ಅತ್ತೆ ಇಪ್ಪತ್ತು ವರ್ಷ ಅದನ್ನೇ ಕೇಳಿದಳು. ಮಾವ ತೀರಿಕೊಂಡ ಮೇಲೂ ಬಿಡಲಿಲ್ಲ. ಸೇವಂತಿಗೆಯನ್ನು ಬುಟ್ಟಿಗೆ ತುಂಬುವಾಗ ಡ್ರಮ್ಮು, ರಾಗಿ ಕೇರುವಾಗ ಗಿಟಾರು.

“ಜವಳಗಿರಿ ಕಾಡಿನ ಆನೆ ಇತ್ಲಾಗೆ ಬರ್ದೆ ಇರೋದು ನಿನ್ ಟೇಪ್ ದೆಸೆಯಿಂದ್ಲೇ ಕಣಕ್ಕಾ” ಎಂದು ಪಕ್ಕದ ಮನೆಯವಳು ರೇಗಿಸಿದರೆ, “ಬಂದ್ರೆ ಬರ್ಲಿ ಬಿಡು, ಒಂದ್ ಹಾಡ್ ಕೇಳ್ಕಂಡು ಹೋಯ್ತದೆ” ಎನ್ನುತ್ತಿದ್ದಳು.

ಆ ಕ್ಯಾಸೆಟ್ಟಿನ ಮೂರನೆಯ ಹಾಡಿನ ಪಲ್ಲವಿಯಲ್ಲಿ ಗಾಯಕ “ಬೇರಿಕೆ ಬಾ, ಬೇರಿಕೆ ಬಾ” ಎಂದು ಗೋಗರೆಯುತ್ತಾನೆಂಬುದು ಅವಳ ವಾದ. ಇಂಗ್ಲಿಷ್ ಎಂ.ಎ. ಮುಗಿಸಿ ಬಂದ ನಾನು ಸುಮ್ಮನಿರಲಾದೀತೆ?

“ಅತ್ತೆ, ಆ ಇಂಗ್ಲಿಷ್‌ನೋನ್ಗೆ ಬೇರಿಕೆ ಹೆಂಗೆ ಗೊತ್ತಾಯ್ತದೆ?”

“ನೀನು ಅವ್ರೂರ್ ವಿಷ್ಯ ಓದಿಲ್ವಾ? ಅಂಗೇ ಅವ್ನೂ ನಮ್ಮೂರ್ ವಿಷ್ಯ ಓದವ್ನೆ.”

ಎರಡು ಸಾವಿರದ ಐದೋ ಆರೋ ಇರಬೇಕು, ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಆ ಕ್ಯಾಸೆಟ್ಟಿನ ಟೇಪು ಸುತ್ತಿಕೊಂಡು ತುಂಡುತುಂಡಾಯಿತು. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. “ಏನಾರ ಮಾಡ್ಲಾ, ಆ ಮೂರ್ನೇ ಹಾಡೊಂದ್ ತಂದ್ಕೊಡು” ಎಂದಳು.

ಹೊಸೂರಿನ ಸಿ.ಡಿ. ಅಂಗಡಿಗೆ ಹೋದೆ. ಯಾವ ಹಾಡು ಎಂದು ಅಂಗಡಿಯವನು ಕೇಳಿದ. ಕ್ಯಾಸೆಟ್ಟಿನ ಕವರು ಎಂದೋ ಕಳೆದಿತ್ತು. ಚಿಕ್ಕಂದಿನಿಂದ ಕೇಳಿದ ಹಾಡಿನ ಒಂದು ಇಂಗ್ಲಿಷ್ ಪದವೂ ನನಗೆ ನೆನಪಾಗಲಿಲ್ಲ. ಗತ್ಯಂತರವಿಲ್ಲದೆ ನಾಲ್ಕು ಜನ ಗಿರಾಕಿಗಳ ಮುಂದೆ “ಬೇರಿಕೆ ಬಾ, ಬೇರಿಕೆ ಬಾ” ಎಂದು ಹಾಡಿದೆ.

ಅಂಗಡಿಯವನು ತಮಿಳಿನಲ್ಲಿ ಗಂಭೀರವಾಗಿ, “ಬೇರಿಗೈ ಬಸ್ ಅಂದ ಪಕ್ಕಂ ನಿಕ್ಕುಂ ಸಾರ್” ಎಂದು ಬೀದಿಯ ಆಚೆ ಬೇರಿಕೆ ಬಸ್ಸು ನಿಲ್ಲುವ ಕಡೆಗೆ ಕೈ ತೋರಿಸಿದ.

ಪದ ಬಿಟ್ಟು ರಾಗವನ್ನಷ್ಟೇ ಗುನುಗಿದ ಮೇಲೆ ಹಾಡು ಸಿಕ್ಕಿತು. ನನ್ನ ಪ್ಲೇಯರನ್ನೂ ಹೊತ್ತುಕೊಂಡು ತಳಿ ಬಸ್ಸು ಹತ್ತಿದೆ.

ಸಿ.ಡಿ.ಯ ದನಿ ಬಲು ಸ್ವಚ್ಛ. ತೊಂದರೆಯಾದದ್ದೇ ಅಲ್ಲಿ. ಒಂದೊಂದು ಇಂಗ್ಲಿಷ್ ಪದವೂ ಬಿಡಿಬಿಡಿಯಾಗಿ ಕೇಳಿಸಿತು. ಬೇರಿಕೆ ಎಲ್ಲೂ ಇರಲಿಲ್ಲ. ವಾದ ಗೆದ್ದಿದ್ದೆ, ಆದರೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

“ಯಾಕ್ಲಾ ಮುಖ ತಿರುಗಿಸ್ಕಂಡೆ? ಅವ್ನು ಬೇರಿಕೆ ಅನ್ನಾಕಿಲ್ಲ ಅಂತ ನಂಗೊತ್ತಿಲ್ವಾ?” ಎಂದಳು ಅತ್ತೆ. “ಇಲ್ಲಿಗ್ ಬಂದ ಹೊಸ್ದ್ರಲ್ಲಿ ತವ್ರು ನೆನ್ಸ್ಕಂಡು ಅಳ್ತಾ ಕೂತ್ರೆ, ನಿಮ್ ಮಾವ ಈ ಹಾಡ್ ಹಾಕಿ, ‘ನೋಡು, ನಿಮ್ಮೂರ್ಗೇ ಕರೀತಾವ್ನೆ’ ಅಂತ ತಾವೂ ಜತೇಲಿ ಹಾಡೋರು. ಅವ್ರ ದನಿ ಮರ್ತೋಗ್ತಾ ಐತೆ ಕಣ್ಲಾ. ಈ ಹಾಡ್ ಹಾಕಿದ್ರೆ ಮಾತ್ರ ಕೇಳಿಸ್ತದೆ.”

ಹಾಡು ಮುಗಿದಿತ್ತು. ಮತ್ತೆ ಮೊದಲಿನಿಂದ ಹಾಕಿದೆ. ಪಲ್ಲವಿ ಹತ್ತಿರ ಬಂದಾಗ ಅತ್ತೆ, ಮಾತಾಡಬೇಡ ಎಂಬಂತೆ ನನ್ನ ಕಡೆ ಮೆಲ್ಲಗೆ ಕೈಯೆತ್ತಿದಳು.