ಕವಿಗಳಿಗೆ ಸಲ್ಲಬೇಕಾದ ಹೋಳಿಗೆ

ಕವಿನಿವಾಸ ಹಾಗೂ ಉದ್ಯಾನದ ಕಾರ್ಯದರ್ಶಿಗಳ ಸನ್ನಿಧಿಗೆ, ಪುಣೆ.

ಮಾನ್ಯರೇ,

‘ಇಲ್ಲಿ ಬೇಡಬಾರದು’ ಎಂದಿರೋ, ‘ಇಲ್ಲಿ ಬೇಡಿದರೆ ಏನೂ ಸಿಗುವುದಿಲ್ಲ’ ಎಂದಿರೋ, ಈಗ ನನಗೆ ಸರಿಯಾಗಿ ನೆನಪಿಲ್ಲ. ತಾವು ಮರಾಠಿಯಲ್ಲಿ, ಅದೂ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುವ ಅವಸರದಲ್ಲಿ ಆಡಿದ ಮಾತು ಅದು. ಮೊದಲನೆಯದಾಗಿದ್ದರೆ ಅದು ನಿಯಮ, ತಲೆಬಾಗುತ್ತೇನೆ. ಎರಡನೆಯದಾಗಿದ್ದರೆ ತಮ್ಮ ಮಾತು ಸುಳ್ಳಾಗಿದೆ ಎಂಬುದನ್ನು, ತಮ್ಮ ಆರೋಗ್ಯವನ್ನೂ ತಮ್ಮ ಗುಲಾಬಿಗಳ ಆರೋಗ್ಯವನ್ನೂ ವಿಚಾರಿಸಿಕೊಂಡ ಬಳಿಕ, ಅತ್ಯಂತ ವಿನಯದಿಂದ ತಿಳಿಸಬೇಕಾಗಿದೆ.

ಫೆಬ್ರುವರಿಯ ಒಂದು ಭಾನುವಾರ ನಾನು ನನ್ನ ಸೋದರತ್ತೆ ಶರಣಮ್ಮನನ್ನು ಕರೆದುಕೊಂಡು ತಮ್ಮಲ್ಲಿಗೆ ಬಂದಿದ್ದೆ. ಅತ್ತೆ ಕಲಬುರಗಿ ಕಡೆಯವಳು. ಇಲ್ಲೇ ಭೋಸರಿಯಲ್ಲಿ ಕಾರ್ಖಾನೆ ಕೆಲಸದ ಮಗನ ಮನೆಯಲ್ಲಿರುತ್ತಾಳೆ. ಯಾವ ಭಾಷೆಯಲ್ಲೂ ಓದು ಬಾರದು. ನಾನು ಬಂದದ್ದು ಕವಿಗಳು ಕೂತು ಬರೆಯುತ್ತಿದ್ದ ಕಿಟಕಿಯನ್ನು ನೋಡಲು. ಅವಳು ಏಕೆ ಬಂದಳೆಂದು ಕೇಳಲಿಲ್ಲ. ಇಂಥ ಸ್ಥಳಗಳಲ್ಲಿ ನಾನು ಯಾರ ಜೊತೆಗೂ ಬಂದವನಂತೆ ತೋರಿಸಿಕೊಳ್ಳುವುದಿಲ್ಲ.

ತಮ್ಮ ಫಲಕಗಳ ಬಗ್ಗೆ ಎರಡು ಮಾತು ಹೇಳದೆ ಮುಂದುವರಿದರೆ ಕೃತಘ್ನನಾದೇನು. ‘ಹೂವು ಕೀಳಬೇಡಿ, ಕವಿಗಳೂ ಕೀಳುತ್ತಿರಲಿಲ್ಲ.’ ‘ಬೆಂಚು ನೋಡುವುದಕ್ಕೆ.’ ಕವಿಗಳ ಸಮಗ್ರ ಸಂಪುಟಗಳಲ್ಲಿಯೂ ಇಷ್ಟು ಬಿಗಿಯಾದ ಸಾಲುಗಳು ನನಗೆ ಸಿಕ್ಕಿಲ್ಲ. ಎಲ್ಲಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಹೊಸ್ತಿಲ ಪಕ್ಕದ್ದು: ‘ಕವಿಗಳು ನಾಸ್ತಿಕರಾಗಿದ್ದರು. ಚಪ್ಪಲಿ ಹೊರಗೆ ಬಿಡಿ.’

ಓದಲು ಬಾರದ ಅತ್ತೆಗೆ ಈ ಫಲಕದ ಅರ್ಧ ಮಾತ್ರ, ಅದೂ ಹೊರಗೆ ಬಿಟ್ಟಿದ್ದ ಚಪ್ಪಲಿಗಳ ಸಾಲನ್ನು ನೋಡಿ, ತಿಳಿಯಿತು. ಒಳಗೆ ಕಂಚಿನ ಮೂರ್ತಿ, ಮೂರ್ತಿಗೆ ಮಾಲೆ, ಮುಂದೆ ದೀಪ, ಬದಿಗೆ ಹುಂಡಿ, ಜನ ಪಿಸುದನಿಯಲ್ಲಿ. ಇದು ಗುಡಿಯಲ್ಲವೆಂದು ಅವಳು ಹೇಗೆ ತಿಳಿಯಬೇಕಿತ್ತು, ತಾವೇ ಹೇಳಿ. ಅವಳು ಸೆರಗಿನ ಗಂಟು ಬಿಚ್ಚಿ, ನಾಸ್ತಿಕರ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಕಣ್ಣು ಮುಚ್ಚಿ ನಿಂತಳು. ಹಿಂದಿದ್ದ ಬಾರಾಮತಿಯ ದಂಪತಿಗಳೂ ಯಾವುದಕ್ಕೂ ಇರಲಿ ಎಂದು ಕೈ ಮುಗಿದರು. ತಾವು ಓಡಿ ಬಂದು ತಮ್ಮದೇ ಕರವಸ್ತ್ರದಿಂದ ಆ ಹಣೆಯನ್ನು ಒರೆಸಿದಿರಿ. ಅಷ್ಟು ಭಕ್ತಿಯಿಂದ ಮೂರ್ತಿಯ ಹಣೆ ಒರೆಸುವವರನ್ನು ನಾನು ಯಾವ ಗುಡಿಯಲ್ಲಿಯೂ ಕಂಡಿಲ್ಲ. ಬೇಡುವುದರ ಬಗ್ಗೆ ಮೇಲೆ ಹೇಳಿದ ಮಾತನ್ನು ತಾವು ಆಡಿದ್ದು ಆಗಲೇ; ಈ ಹೆಂಗಸನ್ನು ಇನ್ನು ಮುಂದೆ ಒಳಗೆ ಬಿಡಬಾರದೆಂದು ಕಾವಲುಗಾರ ದೇವಾನಂದನಿಗೆ ಅಪ್ಪಣೆ ಮಾಡಿದ್ದೂ ಆಗಲೇ.

ವಿಷಯ ಇಷ್ಟು. ಅತ್ತೆಯ ಮೊಮ್ಮಗಳು ರೇಣು ಹತ್ತನೆಯ ತರಗತಿ, ಮರಾಠಿ ಶಾಲೆ. ಅವಳ ಪಾಠದಲ್ಲಿ ತಮ್ಮ ಕವಿಗಳ ಒಂದು ಪದ್ಯವಿತ್ತು. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಗ್ಗೆ ಇರುತ್ತಿರಲಿಲ್ಲ. ಅತ್ತೆ ಹಿಂದಿರುಗುವ ದಾರಿಯಲ್ಲಿ ನನಗೆ ತಿಳಿಸಿ ಹೇಳಿದಳು: “ಹಾಡು ಬರದಾಂವ ಇಂವಾ. ಹುಡುಗಿ ತಲಿಗೆ ಹತ್ತೂಹಂಗ ಮಾಡೂದೂ ಇವಂದ ಕೆಲಸ. ಮತ್ಯಾರನ್ನ ಕೇಳ್ಲಿ?” ಕವಿಗಳ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಕವಿಯ ಹೊಣೆಯನ್ನು ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಓದಿಯೂ ನಾನು ಅವರಿಂದ ಏನನ್ನೂ ಕೇಳಿದವನಲ್ಲ; ಅದು ಗೌರವವೋ ಅಪನಂಬಿಕೆಯೋ ಎಂದು ಬಸ್ಸಿನಲ್ಲಿ ಯೋಚಿಸಿ, ಇಳಿಯುವ ಹೊತ್ತಿಗೆ ಬಿಟ್ಟುಬಿಟ್ಟೆ.

ಪರೀಕ್ಷೆಯಲ್ಲಿ ಆ ಪದ್ಯವೇ ಬಂತು, ರೇಣು ಪಾಸಾದಳು. ಓದಿದ್ದು ತಾನು ಎಂದು ಹುಡುಗಿ ವಾದಿಸಿದಳು. “ಓದಿದಾಕಿ ನೀನು, ನೆನಪು ಕೊಟ್ಟಾಂವ ಅಂವಾ,” ಎಂದು ಅತ್ತೆ ವಾದ ಮುಗಿಸಿದಳು. ಪಾಸಾದರೆ ಮೂರ್ತಿಯ ಮುಂದೆ ಹೋಳಿಗೆಯ ಎಡೆ ಇಡುತ್ತೇನೆಂದು ಅವಳ ಹರಕೆಯಿತ್ತು. ಜೂನಿನಲ್ಲಿ ಡಬ್ಬಿ ಹಿಡಿದು ಬಂದಾಗ ದೇವಾನಂದ ಗೇಟಿಗೆ ಅಡ್ಡ ನಿಂತ. ಅಂದೂ ಜೊತೆಗೆ ಬಂದಿದ್ದ ನಾನು ಆಗ ಫಲಕವೊಂದನ್ನು ಗಮನವಿಟ್ಟು ಓದುತ್ತಿದ್ದೆ. ದೇವಾನಂದನೂ ನಮ್ಮ ಕಡೆಯವನೇ.

“ಅವ್ವಾ, ಸಾಹೇಬ್ರು ಬಿಡಬ್ಯಾಡ ಅಂದಾರ.”

“ನಿಮ್ಮ ಸಾಹೇಬ್ರ ಕಡೆ ನಾ ಬಂದಿಲ್ಲೋ ತಮ್ಮಾ. ಒಳಗಿನ ಸಾಹೇಬ್ರ ಕಡೆ ಬಂದೀನಿ.”

ಈ ಉತ್ತರವನ್ನು ಒಪ್ಪಿದರೂ ಅವನು ಗೇಟು ತೆರೆಯಲಿಲ್ಲ, ತಮ್ಮ ತರಬೇತಿ ಅಷ್ಟು ಗಟ್ಟಿ. ಹರಕೆ ತೀರದೆ ಹುಡುಗಿ ಕಾಲೇಜಿನ ಮೆಟ್ಟಿಲು ಹತ್ತಬಾರದು, ಕೊಟ್ಟವನು ಕಿತ್ತುಕೊಂಡಾನು ಎಂದು ಅತ್ತೆ ಹಟ ಹಿಡಿದಿದ್ದಾಳೆ. ಹನ್ನೊಂದನೆಯ ತರಗತಿಯ ಪ್ರವೇಶ ಬರುವ ಶನಿವಾರ ಮುಗಿಯುತ್ತದೆ. ರೇಣು ತುಂಬಿದ ಅರ್ಜಿಯನ್ನು ದಿನಾ ಅತ್ತೆಯ ಮುಂದೆ ಇಟ್ಟು ಹೋಗುತ್ತಾಳೆ.

ಆದ್ದರಿಂದ ಪ್ರಾರ್ಥನೆ. ಒಂದು ಎಡೆ ಇಟ್ಟು ತೆಗೆಯುವಷ್ಟು ಹೊತ್ತು ಅತ್ತೆಯನ್ನು ಒಳಗೆ ಬಿಡಬೇಕು. ಅದಾಗದಿದ್ದರೆ ಮೂರ್ತಿಯ ಮುಖವನ್ನು ಗೇಟಿನ ಕಡೆಗೆ ತಿರುಗಿಸಬೇಕು. ಅದೂ ಆಗದಿದ್ದರೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಡೀ ಪುಣೆಯೇ ಮಲಗಿರುವಾಗ ಕವಿಗಳನ್ನು ಗೇಟಿನವರೆಗೆ ಒಮ್ಮೆ ಕಳಿಸಿಕೊಡಬೇಕು. ಕೊನೆಯ ಉಪಾಯವೆಂದರೆ, ವರ ಕೊಟ್ಟವರು ಕವಿಗಳಲ್ಲ, ಕಾರ್ಯದರ್ಶಿಗಳು ಎಂದು ತಾವೇ ಭೋಸರಿಗೆ ಬಂದು ಅತ್ತೆಗೆ ಹೇಳುವುದು. ಆಗ ತಮ್ಮ ಹಣೆಗೆ ವಿಭೂತಿ ಹಚ್ಚಿ, ತಮ್ಮ ಮುಂದೆಯೇ ಎಡೆ ಇಡಲು ಅವಳ ತಕರಾರಿಲ್ಲ, ನಾನು ಕೇಳಿಯಾಗಿದೆ. ಕರವಸ್ತ್ರವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬರಬೇಕು.

ಗೇಟಿನ ಹೊರಗಿನ,
ತಮ್ಮ ವಿಶ್ವಾಸಿ,
ಚನ್ನವೀರ

ತಾ.ಕ.: ಅತ್ತೆಯ ಚಾಳಿನ ನೆರೆಮನೆಯ ಕಮಲಮ್ಮ, ಮಗನಿಗೆ ಬೀಜಗಣಿತ ಹತ್ತುತ್ತಿಲ್ಲವೆಂದು, ಅದನ್ನು ಬರೆದವನ ತೋಟ ಎಲ್ಲಿದೆ ಎಂದು ವಿಚಾರಿಸುತ್ತಿದ್ದಾಳೆ, ಸದ್ಯಕ್ಕೆ ತಮ್ಮ ವಿಳಾಸ ಕೊಟ್ಟಿಲ್ಲ. ಶುಕ್ರವಾರ ಅತ್ತೆ ಮತ್ತೆ ಹೋಳಿಗೆ ಮಾಡುತ್ತಾಳೆ, ಮತ್ತೆ ಗೇಟಿಗೆ ಬರುತ್ತಾಳೆ, ಈ ಸಲ ಅವಳ ಪಕ್ಕದಲ್ಲಿಯೇ ನಿಂತಿರುತ್ತೇನೆ. ಕೇಳಿ ತಿಳಿದು ಬಾ ಎಂದು ಅವಳು ನನಗೆ ಹೇಳಿರುವ ಒಂದು ವಿಷಯಕ್ಕೆ ತಮ್ಮಲ್ಲಿ ಉತ್ತರವಿರಲಾರದು, ಒಳಗಿರುವವರನ್ನೇ ಕೇಳುತ್ತೇನೆ: ಕವಿಗಳೇ, ಹೋಳಿಗೆಗೆ ತಮಗೆ ಹಾಲೋ, ತುಪ್ಪವೋ?